ಕಾಸೆರೆಸ್, ಮೆರಿದಾ, ತ್ರುಹಿಯೋ: ಎಕ್ಸ್ತ್ರೆಮದೂರಾದಲ್ಲಿ ಬಿಡಾರ ಎಲ್ಲಿ ಹೂಡಬೇಕು?

ಸ್ಪೇನ್ ನೋಡಲು ಹೊರಟವರ ಪಟ್ಟಿ ಸಾಮಾನ್ಯವಾಗಿ ಬಾರ್ಸಿಲೋನಾದಲ್ಲಿ ಶುರುವಾಗಿ ಗ್ರನಾಡಾದಲ್ಲಿ ಮುಗಿಯುತ್ತದೆ. ಪೋರ್ಚುಗಲ್ ಗಡಿಗೆ ಒತ್ತಿಕೊಂಡಿರುವ ಎಕ್ಸ್ತ್ರೆಮದೂರಾ ಪ್ರಾಂತ್ಯ ಅದರಲ್ಲಿ ಇರುವುದೇ ಇಲ್ಲ. ಅದಕ್ಕೆ ಕಾರಣಗಳೂ ಇವೆ. ಕಡಲಿಲ್ಲ, ದೊಡ್ಡ ವಿಮಾನ ನಿಲ್ದಾಣವಿಲ್ಲ, ಮ್ಯಾಡ್ರಿಡ್‌ನಿಂದ ಇಲ್ಲಿಗೆ ಬರುವ ರೈಲಿನ ನಿಧಾನಗತಿ ಇಡೀ ಸ್ಪೇನಿನಲ್ಲಿ ಗೇಲಿಯ ವಸ್ತು. 2022ರಲ್ಲಿ ಪ್ಲಾಸೆನ್ಸಿಯಾದಿಂದ ಬಾದಾಹೋಸ್‌ವರೆಗೆ ಹೊಸ ಹಳಿ ಬಂದ ಮೇಲೆ ಕೊಂಚ ಸುಧಾರಿಸಿದೆ ನಿಜ, ಆದರೆ ಮ್ಯಾಡ್ರಿಡ್‌ನಿಂದ ಪ್ಲಾಸೆನ್ಸಿಯಾದವರೆಗಿನ ದಾರಿ ಇನ್ನೂ ಹಳೆಯದೇ. ವಿಸ್ತೀರ್ಣ ಸುಮಾರು 41,600 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆ ಮಾತ್ರ ಹತ್ತೂವರೆ ಲಕ್ಷದ ಆಸುಪಾಸು. ಉಳಿದ ಜಾಗವೆಲ್ಲ ಓಕ್ ಮರಗಳದ್ದು, ಹಂದಿಗಳದ್ದು, ರಣಹದ್ದುಗಳದ್ದು.

ಇಲ್ಲಿಗೆ ಹೋಗುವವರು ಮೊದಲು ಕೇಳುವ ಪ್ರಶ್ನೆ, ಎಲ್ಲಿ ಉಳಿಯಬೇಕು ಎಂಬುದು. ಮೂರು ಊರುಗಳು ಪೈಪೋಟಿಗೆ ನಿಲ್ಲುತ್ತವೆ. ಮೂರರಲ್ಲೂ ಬೇರೆ ಬೇರೆ ಸಲ ಬಿಡಾರ ಹೂಡಿ, ಅಲ್ಲಿಂದ ಸುತ್ತಾಡಿ ನೋಡಿದ್ದೇನೆ. ನನ್ನ ಆಯ್ಕೆ ತ್ರುಹಿಯೋ. ಪ್ರವಾಸಿ ಕಚೇರಿಗಳು ಕಾಸೆರೆಸ್ ಎನ್ನುತ್ತವೆ, ಇತಿಹಾಸದ ಮೇಷ್ಟರುಗಳು ಮೆರಿದಾ ಎನ್ನುತ್ತಾರೆ. ನನ್ನ ಅಳತೆಗೋಲು ಅವರದಲ್ಲ. ಈ ಸೀಮೆಯಲ್ಲಿ ಕಲ್ಲಿನ ಊರನ್ನೂ ಅದರ ಸುತ್ತಲಿನ ಬಯಲನ್ನೂ ಬಿಡಿಬಿಡಿಯಾಗಿ ನೋಡಿದರೆ ಎರಡೂ ಅರ್ಥವಾಗುವುದಿಲ್ಲ. ಆದ್ದರಿಂದ ಊರಿನ ಬಾಗಿಲು ದಾಟಿದ ಮೇಲೆ ಬಯಲು ಎಷ್ಟು ಬೇಗ ಕಾಲಿಗೆ ಸಿಗುತ್ತದೆ ಎನ್ನುವುದರ ಮೇಲೆ ನಾನು ಅಂಕ ಕೊಡುತ್ತೇನೆ.

ಮೊದಲು ಮೆರಿದಾ. ಪ್ರಾಂತ್ಯದ ರಾಜಧಾನಿ ಇದೇ. ಕ್ರಿಸ್ತಪೂರ್ವ 25ರಲ್ಲಿ ಅಗಸ್ಟಸ್ ಚಕ್ರವರ್ತಿ ತನ್ನ ನಿವೃತ್ತ ಸೈನಿಕರನ್ನು ನೆಲೆಗೊಳಿಸಲು ಕಟ್ಟಿಸಿದ ಊರು, ಮುಂದೆ ಲುಸಿತಾನಿಯಾ ಎಂಬ ರೋಮನ್ ಪ್ರಾಂತ್ಯದ ರಾಜಧಾನಿಯಾಯಿತು. ರೋಮನ್ ಅವಶೇಷಗಳ ವಿಷಯದಲ್ಲಿ ಸ್ಪೇನಿನ ಬೇರಾವ ಊರೂ ಇದರ ಹತ್ತಿರ ಸುಳಿಯುವುದಿಲ್ಲ. ರಂಗಮಂದಿರ, ಅದರ ಪಕ್ಕದಲ್ಲೇ ಗ್ಲಾಡಿಯೇಟರುಗಳ ಅಖಾಡ, ಗ್ವಾದಿಯಾನಾ ನದಿಯ ಮೇಲೆ ಮುಕ್ಕಾಲು ಕಿಲೋಮೀಟರಿಗೂ ಉದ್ದದ ಸೇತುವೆ, ಊರಾಚೆ ಇಪ್ಪತ್ತೈದು ಮೀಟರ್ ಎತ್ತರದ ಜಲಮಾರ್ಗದ ಕಂಬಗಳು. ಜಲಮಾರ್ಗದ ಕಂಬಗಳಲ್ಲಿ ಬೂದು ಗ್ರಾನೈಟು ಮತ್ತು ಕೆಂಪು ಇಟ್ಟಿಗೆ ಪಟ್ಟೆಪಟ್ಟೆಯಾಗಿ ಕೂತಿವೆ, ತುದಿಯಲ್ಲಿ ಕೊಕ್ಕರೆಗಳ ಗೂಡು.

ರಂಗಮಂದಿರದ ಕಥೆ ನನಗೆ ಬಹಳ ಹಿಡಿಸಿತು. 1910ರಲ್ಲಿ ಅಗೆತ ಶುರುವಾಗುವ ತನಕ ಅದು ಮಣ್ಣಿನಲ್ಲಿ ಹೂತಿತ್ತು. ಮೇಲಿನ ಸಾಲಿನ ಕೆಲವು ತುಂಡುಗಳಷ್ಟೇ ನೆಲದಿಂದ ತಲೆ ಎತ್ತಿದ್ದವು. ಊರವರು ಅವನ್ನು ಏಳು ಕುರ್ಚಿಗಳು ಎಂದು ಕರೆಯುತ್ತಿದ್ದರು. ಆ ಕುರ್ಚಿಗಳ ಕೆಳಗೆ ಸಾವಿರಾರು ಜನ ಕೂರುವ ಇಡೀ ಮಂದಿರವೇ ಇತ್ತು. 1933ರಲ್ಲಿ ಅಲ್ಲಿ ಸೆನೆಕಾನ ‘ಮೆದೇಯಾ’ ನಾಟಕ ಆಡಿದರು, ಅಲ್ಲಿಂದ ಬೆಳೆದ ಉತ್ಸವ ಈಗಲೂ ಪ್ರತಿ ಬೇಸಿಗೆಯಲ್ಲಿ ನಡೆಯುತ್ತದೆ. ರಾತ್ರಿ ಹತ್ತು ದಾಟಿದ ಮೇಲೆ ಆಟ ಶುರು. ಹಗಲಿಡೀ ಕಾದ ಕಲ್ಲಿನ ಮೆಟ್ಟಿಲು ಆಗಲೂ ಬೆಚ್ಚಗಿರುತ್ತದೆ. ಸಂಭಾಷಣೆ ಪೂರ್ತಿ ಸ್ಪ್ಯಾನಿಷ್‌ನಲ್ಲಿ. ಭಾಷೆ ಬಾರದವರು ಕಥೆ ಓದಿಕೊಂಡು ಹೋದರೆ ಮೋಸವಿಲ್ಲ. ಕೂರಲು ದಿಂಬೊಂದು ಇದ್ದರೆ ಇನ್ನೂ ಒಳ್ಳೆಯದು.

ರಫಾಯೆಲ್ ಮೊನೆಯೋ ವಿನ್ಯಾಸ ಮಾಡಿದ ರೋಮನ್ ಕಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 1986ರಲ್ಲಿ ತೆರೆಯಿತು. ಒಳಗಿನ ವಿಗ್ರಹಗಳನ್ನು ಮರೆತರೂ ಆ ಕಟ್ಟಡ ಮರೆಯುವುದಿಲ್ಲ. ತೆಳು ಇಟ್ಟಿಗೆಯ ಎತ್ತರದ ಕಮಾನುಗಳು ಸಾಲಾಗಿ ನಿಂತಿವೆ, ಬೆಳಕು ಮೇಲಿನಿಂದ ಇಳಿಯುತ್ತದೆ, ನೆಲಮಾಳಿಗೆಯಲ್ಲಿ ಅಗೆಯುವಾಗ ಸಿಕ್ಕ ರೋಮನ್ ರಸ್ತೆಯ ತುಂಡನ್ನು ಹಾಗೆಯೇ ಉಳಿಸಿದ್ದಾರೆ. ಸ್ಮಾರಕಗಳಿಗೆಲ್ಲ ಸೇರಿ ಒಂದೇ ಟಿಕೆಟ್ ಸಿಗುತ್ತದೆ, ಈ ಸಂಗ್ರಹಾಲಯಕ್ಕೆ ಮಾತ್ರ ಬೇರೆ.

ಇಷ್ಟಾದರೂ ಮೆರಿದಾ ಉಳಿಯುವ ಊರಲ್ಲ. ಸ್ಮಾರಕದಿಂದ ಸ್ಮಾರಕಕ್ಕೆ ನಡೆಯುವಾಗ ನಡುವೆ ಸಿಗುವುದು ಎಲ್ಲಿ ಬೇಕಾದರೂ ಇರಬಹುದಾದ ಫ್ಲ್ಯಾಟುಗಳ ಬೀದಿ, ಬ್ಯಾಂಕು, ಪಾರ್ಕಿಂಗ್ ಜಗಳ. ಡಯಾನಾ ದೇವಾಲಯದ ಕಂಬಗಳು ಒಂದು ಮೂಲೆ ತಿರುಗಿದಾಗ ಇದ್ದಕ್ಕಿದ್ದಂತೆ ಎದುರಾಗುತ್ತವೆ, ಅದರ ಹೊಟ್ಟೆಯಲ್ಲೇ ಯಾವನೋ ಶ್ರೀಮಂತ ಹಿಂದೆ ಅರಮನೆ ಕಟ್ಟಿಕೊಂಡಿದ್ದಾನೆ. ಅಚ್ಚರಿ ಅಲ್ಲಿಗೆ ಮುಗಿಯುತ್ತದೆ, ಮತ್ತೆ ಟ್ರಾಫಿಕ್ಕು. ಒಂದು ರಾತ್ರಿಗೆ ಬನ್ನಿ, ಮರುದಿನ ಮಧ್ಯಾಹ್ನದೊಳಗೆ ಹೊರಡಿ. ಕಾರಿಲ್ಲದವರಿಗೆ ಮಾತ್ರ ನನ್ನ ಸಲಹೆ ತಿರುಗುಮುರುಗು. ರೈಲು ಮತ್ತು ಬಸ್ಸು ಎರಡೂ ಇರುವ, ನೋಡಬೇಕಾದ್ದೆಲ್ಲ ನಡಿಗೆಯ ದೂರದಲ್ಲಿರುವ ಊರು ಇದು. ಸೆವಿಲ್ಲೆ ಇನ್ನೂರು ಕಿಲೋಮೀಟರಿಗಿಂತ ಕಡಿಮೆ.

ಕಾಸೆರೆಸ್ ಇದಕ್ಕೆ ತದ್ವಿರುದ್ಧ. ಇಲ್ಲಿ ಬಿಡಿ ಸ್ಮಾರಕಗಳಿಲ್ಲ, ಗೋಡೆಯೊಳಗಿನ ಊರೇ ಸ್ಮಾರಕ. 1986ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ನಮ್ಮ ಹಂಪಿ ಸೇರಿದ್ದೂ ಅದೇ ವರ್ಷ. ಮಾರುಕಟ್ಟೆ ಚೌಕದಿಂದ ಮೆಟ್ಟಿಲೇರಿ ನಕ್ಷತ್ರದ ಕಮಾನು ಎಂಬ ಬಾಗಿಲಿನ ಮೂಲಕ ಒಳಗೆ ಹೋಗಬೇಕು. ಹದಿನೆಂಟನೇ ಶತಮಾನದಲ್ಲಿ ಕಟ್ಟಿದ ಈ ಕಮಾನನ್ನು ಬೇಕೆಂದೇ ಓರೆಯಾಗಿ ಇಟ್ಟಿದ್ದಾರೆ, ಕುದುರೆ ಗಾಡಿಗಳು ತಿರುಗಲು ಜಾಗವಾಗಲಿ ಎಂದು. ಒಳಗೆ ಹದಿನೈದು, ಹದಿನಾರನೇ ಶತಮಾನದ ಅರಮನೆಗಳು ಒತ್ತೊತ್ತಾಗಿ ನಿಂತಿವೆ. ಅಂಗಡಿಗಳ ಫಲಕ ಕಣ್ಣಿಗೆ ಬೀಳುವುದೇ ಅಪರೂಪ. ಟೆಲಿವಿಷನ್ ಧಾರಾವಾಹಿಯವರು ಮಧ್ಯಯುಗದ ರಾಜಧಾನಿ ಬೇಕೆಂದಾಗ ಇಲ್ಲಿಗೆ ಬಂದು ‘ಗೇಮ್ ಆಫ್ ಥ್ರೋನ್ಸ್’ ಚಿತ್ರೀಕರಿಸಿದ್ದರಲ್ಲಿ ವಿಶೇಷವೇನಿಲ್ಲ.

ಗೋಪುರಗಳತ್ತ ಕತ್ತೆತ್ತಿ ನೋಡಿ. ಹೆಚ್ಚಿನವು ಮೊಂಡಾಗಿವೆ. ಈ ಊರಿನ ಕುಲೀನ ಮನೆತನಗಳು ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತ ಮನೆಮನೆಗೂ ಕೋಟೆ ಗೋಪುರ ಎಬ್ಬಿಸಿಕೊಂಡಿದ್ದವು. 1470ರ ದಶಕದಲ್ಲಿ ರಾಣಿ ಇಸಬೆಲ್ಲಾ ಅವುಗಳ ತಲೆ ಕತ್ತರಿಸಲು ಅಪ್ಪಣೆ ಕೊಟ್ಟಳು. ತನ್ನ ಪಕ್ಷ ಹಿಡಿದಿದ್ದ ಒಂದು ಮನೆಯ ಗೋಪುರವನ್ನು ಬಿಟ್ಟಳು. ಕೊಕ್ಕರೆಗಳ ಗೋಪುರ ಎಂದು ಹೆಸರಾದ ಅದು ಈಗಲೂ ಎಲ್ಲರಿಗಿಂತ ಎತ್ತರಕ್ಕೆ ನಿಂತಿದೆ. ರಾಜಕೀಯ ನಿಷ್ಠೆಗೆ ಸಿಕ್ಕ ಬಹುಮಾನವನ್ನು ಐನೂರು ವರ್ಷಗಳ ಮೇಲೂ ಬೀದಿಯಲ್ಲಿ ನಿಂತು ಅಳೆಯಬಹುದು. ಹತ್ತಿರದ ಇನ್ನೊಂದು ಅರಮನೆಯ ಅಡಿಯಲ್ಲಿ ಮೂರಿಶ್ ಕಾಲದ, ಅಂದರೆ ಸ್ಪೇನನ್ನು ಮುಸ್ಲಿಮರು ಆಳಿದ ಕಾಲದ, ನೀರಿನ ತೊಟ್ಟಿ ಇದೆ. ಕುದುರೆ ಲಾಳದ ಆಕಾರದ ಕಮಾನುಗಳು ನಿಂತ ನೀರಿನಲ್ಲಿ ಪ್ರತಿಬಿಂಬಿಸುತ್ತವೆ. ಕಾಸೆರೆಸ್‌ನಲ್ಲಿ ನಾನು ಎರಡನೇ ಸಲ ಹೋಗಿ ನೋಡಿದ್ದು ಇದೊಂದನ್ನೇ.

ಯಾಕೆಂದರೆ ಈ ಊರು ತನ್ನೊಳಗೇ ಮುಚ್ಚಿಕೊಂಡಿದೆ. ಅಂದವಾದ ಮುಖಗಳೆಲ್ಲ ಒಳಚೌಕಗಳತ್ತ ತಿರುಗಿವೆ, ಗೋಡೆಯಾಚೆ ಸುಮಾರು ಲಕ್ಷ ಜನರ ಆಧುನಿಕ ನಗರ. ರಾತ್ರಿ ಊಟದ ಹೊತ್ತಿಗೆ ಪ್ರವಾಸಿಗಳು ಕೆಳಚೌಕಕ್ಕೆ ಇಳಿದ ಮೇಲೆ ಹಳೆಯ ಊರು ತೆರವಾಗುತ್ತದೆ, ಆಗ ಅದು ಅತ್ಯಂತ ಸೊಗಸು. ಆದರೆ ಬೆಳಿಗ್ಗೆ ಎದ್ದು ಬಯಲಿಗೆ ಹೋಗಬೇಕೆಂದರೆ ಸಿಗ್ನಲ್ಲುಗಳ ಸಾಲು ದಾಟಬೇಕು. ಅದಕ್ಕೊಂದು ಸಮಾಧಾನ ಲೋಸ್ ಬರ್ರುವೆಕೋಸ್. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ, ಮಾಲ್ಪಾರ್ತಿದಾ ಎಂಬ ಊರಿನ ಹೊರಗೆ, ಕೆರೆಯ ದಂಡೆಯಲ್ಲಿ ಉರುಟು ಗ್ರಾನೈಟ್ ಬಂಡೆಗಳ ರಾಶಿ. ಕನ್ನಡಿಗರು ಅಲ್ಲಿ ನಿಂತು ಮಾತಂಗ ಬೆಟ್ಟದ ಹೆಸರೆತ್ತದೆ ಇರಲಾರರು. ಇಲ್ಲಿ ಬಂಡೆಗಳ ನೆತ್ತಿಯ ಮೇಲೆ ಬಿಳಿ ಕೊಕ್ಕರೆಗಳು ಕಡ್ಡಿ ಪೇರಿಸಿ ಸಂಸಾರ ನಡೆಸುತ್ತವೆ. ಸಂಜೆ ಹೋಗಿ, ಮಧ್ಯಾಹ್ನ ನೆರಳೇ ಇರುವುದಿಲ್ಲ.

ಇನ್ನು ತ್ರುಹಿಯೋ. ಸುಮಾರು ಒಂಬತ್ತು ಸಾವಿರ ಜನ, ರೈಲಿಲ್ಲ, ಮ್ಯಾಡ್ರಿಡ್‌ನಿಂದ ಹೆದ್ದಾರಿಯಲ್ಲಿ ಇನ್ನೂರೈವತ್ತು ಕಿಲೋಮೀಟರ್. ಗ್ರಾನೈಟ್ ಗುಡ್ಡದ ನೆತ್ತಿಯಲ್ಲಿ ಮೂರಿಶ್ ಕಾಲದ ಕೋಟೆ, ಬುಡದಲ್ಲಿ ಓರೆಕೋರೆಯಾದ ದೊಡ್ಡ ಚೌಕ. ಚೌಕದಲ್ಲಿ ಕುದುರೆ ಏರಿದ ಫ್ರಾನ್ಸಿಸ್ಕೋ ಪಿಸಾರ್ರೋನ ಕಂಚಿನ ಪ್ರತಿಮೆ. 1532ರಲ್ಲಿ ಪೆರುವಿನ ಕಾಹಾಮಾರ್ಕಾದಲ್ಲಿ ಇನ್ಕಾ ದೊರೆ ಅತಾಹುವಾಲ್ಪನನ್ನು ಸೆರೆಹಿಡಿದು, ಕೋಣೆ ತುಂಬ ಚಿನ್ನ ಬೆಳ್ಳಿ ವಸೂಲು ಮಾಡಿ, ಆಮೇಲೆ ಕೊಂದೂ ಹಾಕಿದವನು ಈ ಊರಿನ ಮಗ. ಅಮೆಜಾನ್ ನದಿಯನ್ನು ಕಡಲಿನ ತನಕ ಇಳಿದ ಒರೆಯಾನಾ ಕೂಡ ಇಲ್ಲಿಯವನೇ. ಪ್ರತಿಮೆ ಮಾಡಿದವನು ಅಮೆರಿಕದ ಶಿಲ್ಪಿ ಚಾರ್ಲ್ಸ್ ರಮ್ಸಿ, ನಿಲ್ಲಿಸಿದ್ದು 1929ರಲ್ಲಿ. ಇದರದೇ ಇನ್ನೊಂದು ಎರಕವನ್ನು ಪೆರುವಿನ ಲಿಮಾದಲ್ಲಿ 2003ರಲ್ಲಿ ಮುಖ್ಯ ಚೌಕದ ಬಳಿಯಿಂದ ಎತ್ತಿ ದೂರ ಸರಿಸಿದ್ದರು, 2025ರಲ್ಲಿ ಮತ್ತೆ ಚೌಕದ ಹತ್ತಿರಕ್ಕೆ ತಂದರು. ತ್ರುಹಿಯೋದಲ್ಲಿ ಅದರ ಕೆಳಗೆ ಮಕ್ಕಳು ಚೆಂಡು ಒದೆಯುತ್ತಾರೆ.

ಪ್ರತಿಮೆಗಿಂತ ನೋಡಬೇಕಾದ್ದು ಚೌಕದ ಮೂಲೆಯಲ್ಲಿರುವ ‘ವಿಜಯದ ಅರಮನೆ’. ಕಟ್ಟಿಸಿದವರು ಪಿಸಾರ್ರೋನ ತಮ್ಮ ಎರ್ನಾಂದೋ ಮತ್ತು ಅವನ ಹೆಂಡತಿ ಫ್ರಾನ್ಸಿಸ್ಕಾ. ಈ ಫ್ರಾನ್ಸಿಸ್ಕಾ ಯಾರೆಂದರೆ ಪಿಸಾರ್ರೋನಿಗೆ ಇನ್ಕಾ ರಾಜಕುಮಾರಿಯಲ್ಲಿ ಹುಟ್ಟಿದ ಮಗಳು, ಅಂದರೆ ಎರ್ನಾಂದೋನಿಗೆ ಅಣ್ಣನ ಮಗಳು. ಆಸ್ತಿ ಮನೆಯಲ್ಲೇ ಉಳಿಯಲಿ ಎನ್ನುವ ಲೆಕ್ಕ ಯಾವ ದೇಶಕ್ಕೂ ಹೊಸದಲ್ಲ. ಮೂಲೆಯ ಬಾಲ್ಕನಿಯ ಎರಡೂ ಬದಿ ಕಲ್ಲಿನ ಮುಖಗಳಿವೆ. ಒಂದು ಕಡೆ ಪಿಸಾರ್ರೋ ಮತ್ತು ಆ ಇನ್ಕಾ ರಾಜಕುಮಾರಿ, ಇನ್ನೊಂದು ಕಡೆ ಎರ್ನಾಂದೋ ಮತ್ತು ಫ್ರಾನ್ಸಿಸ್ಕಾ. ಮೇಲಿನ ಭಾರೀ ಲಾಂಛನದಲ್ಲಿ ಸರಪಳಿ ಬಿಗಿದ ಇನ್ಕಾ ತಲೆಗಳು. ಸಂಜೆಯ ಓರೆ ಬಿಸಿಲು ಬಿದ್ದಾಗ ಸರಪಳಿಯ ಕೊಂಡಿಗಳು ಕೆಳಗಿನಿಂದಲೂ ಒಂದೊಂದಾಗಿ ಕಾಣುತ್ತವೆ. ಹೆಂಡತಿಯ ತಾಯಿಯ ಕಡೆಯವರನ್ನು ಸರಪಳಿಯಲ್ಲಿ ಕೆತ್ತಿಸಿ ಅದರ ಅಡಿಯಲ್ಲೇ ಅವಳೊಡನೆ ಸಂಸಾರ ಮಾಡಿದ ಮನೆ ಇದು. ಮೆರಿದಾ, ಕಾಸೆರೆಸ್ ಎರಡರಲ್ಲೂ ಕಲ್ಲು ಇಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಕಾಣಲಿಲ್ಲ.

ಅಲ್ಲಿಂದ ಕೋಟೆಯವರೆಗಿನ ಏರು ಕಾಲು ಗಂಟೆಯದ್ದು. ಕೋಟೆಯ ಗೋಡೆ ಹತ್ತಿದರೆ ಉತ್ತರ ಸಿಕ್ಕಿಬಿಡುತ್ತದೆ: ಗೋಡೆ ಮುಗಿದಲ್ಲಿ ಹುಲ್ಲುಗಾವಲು ಶುರು, ನಡುವೆ ಏನೂ ಇಲ್ಲ. ಬಂಡೆ, ಕಲ್ಲು ಪೇರಿಸಿದ ಮೊಣಕಾಲೆತ್ತರದ ಬೇಲಿ, ಅಂಜೂರದ ಗಿಡ, ಕುರಿ, ದೂರಕ್ಕೆ ಓಕ್ ಮರಗಳ ಚುಕ್ಕಿ. ಈ ಬಡ, ಕಲ್ಲುಕಲ್ಲಾದ ನೆಲದಲ್ಲಿ ಕಿರಿಯ ಮಕ್ಕಳಿಗೆ ಪಾಲು ಸಿಗುತ್ತಿರಲಿಲ್ಲ, ಅವರು ಹಡಗು ಹತ್ತಿದರು, ಬದುಕಿ ಬಂದವರು ಚಿನ್ನ ತಂದು ಇದೇ ಗುಡ್ಡದ ಬುಡದಲ್ಲಿ ಅರಮನೆ ಕಟ್ಟಿದರು. ಮಾರ್ಗದರ್ಶಿ ಪುಸ್ತಕ ಎರಡು ಪುಟ ಬರೆಯುವುದನ್ನು ಆ ಗೋಡೆ ಒಂದೇ ನೋಟದಲ್ಲಿ ಹೇಳುತ್ತದೆ. ಕೆಳಗೆ ಗೂಳಿಕಾಳಗದ ಅಖಾಡದ ಹಂಚಿನ ಮಾಡಿನಲ್ಲಿ ಚಿಕ್ಕ ಜಾತಿಯ ಚಾಣಗಳು ಗೂಡು ಕಟ್ಟುತ್ತವೆ. ವಸಂತದಲ್ಲಿ ಚೌಕದ ಕುರ್ಚಿಯಿಂದ ಏಳದೆ ಅವುಗಳ ಹಾರಾಟ ನೋಡಬಹುದು.

ತ್ರುಹಿಯೋದ ತೊಂದರೆಗಳೂ ಇವೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಊರು ಸತ್ತಂತಿರುತ್ತದೆ. ಕಾರಿಲ್ಲದಿದ್ದರೆ ಮ್ಯಾಡ್ರಿಡ್ ಬಸ್ಸು, ಕಾಸೆರೆಸ್ ಬಸ್ಸು ಬಿಟ್ಟು ಬೇರೆಲ್ಲಿಗೂ ಹೋಗುವುದು ಕಷ್ಟ. ಏಪ್ರಿಲ್ ಕೊನೆ, ಮೇ ಮೊದಲ ವಾರದ ಗಿಣ್ಣಿನ (ಚೀಸ್) ಜಾತ್ರೆಯಲ್ಲಿ ಕೋಣೆ ಸಿಗುವುದಿಲ್ಲ, ಸಿಕ್ಕರೆ ಬೆಲೆ ಕೇಳಬೇಡಿ.

ಊರಿನ ಮಾತು ಸಾಕು, ನೆಲದ ಮಾತಿಗೆ ಬರೋಣ. ಇಲ್ಲಿಯೂ ಪೈಪೋಟಿ ಇದೆ. ಮಾರ್ಚ್ ಕೊನೆಗೆ ಎಲ್ಲರೂ ಓಡುವುದು ಹೆರ್ತೆ ಕಣಿವೆಗೆ. ಬೆಟ್ಟದ ಮೆಟ್ಟಿಲುಗಳಲ್ಲಿ ಲಕ್ಷಾಂತರ ಚೆರ್ರಿ ಮರಗಳು ಒಟ್ಟಿಗೆ ಬಿಳಿ ಹೂ ಬಿಡುತ್ತವೆ. ಕಾಣಲು ಚೆನ್ನ, ಸುಳ್ಳು ಹೇಳಲಾರೆ. ಆದರೆ ಕಣಿವೆಗೆ ಇರುವುದು ಒಂದೇ ಮುಖ್ಯ ರಸ್ತೆ, ಹೂವಿನ ವಾರಾಂತ್ಯದಲ್ಲಿ ಅದು ಕಾರುಗಳ ಮೆರವಣಿಗೆ. ಹೂವು ಯಾವ ವಾರ ಬಿಡುತ್ತದೆ ಎಂಬುದು ಚಳಿಯ ಕೈಯಲ್ಲಿ. ಹೂವಿಗಿಂತ ಜೂನ್‌ನ ಹಣ್ಣು ವಾಸಿ ಎಂದು ನನ್ನ ಅಭಿಪ್ರಾಯ. ತೊಟ್ಟಿಲ್ಲದೆ ಕೀಳುವ ಪಿಕೋತಾ ಎಂಬ ಚೆರ್ರಿ ಈ ಕಣಿವೆಯ ವಿಶೇಷ, ಕಚ್ಚಿದರೆ ಕಟುಮ್ ಎನ್ನುತ್ತದೆ.

ಮೊನ್‌ಫ್ರಾಗ್ವೆ ರಾಷ್ಟ್ರೀಯ ಉದ್ಯಾನ ಬೇರೆಯೇ ವರ್ಗ. ತ್ರುಹಿಯೋದಿಂದ ಉತ್ತರಕ್ಕೆ ಒಂದು ಗಂಟೆಯೊಳಗಿನ ದಾರಿ. 2007ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ತಾಹೋ ನದಿ ಬೆಟ್ಟ ಸೀಳಿಕೊಂಡು ಹೋಗುವ ಕಡೆ ರಸ್ತೆ ಬದಿಯಲ್ಲೇ ಒಂದು ಕಟ್ಟೆ ಇದೆ, ಎದುರು ದಡದಲ್ಲಿ ಫಾಲ್ಕನ್ ಬಂಡೆ. ಬಂಡೆಯ ಬಿರುಕು ಬಿರುಕಿನಲ್ಲೂ ಗ್ರಿಫನ್ ರಣಹದ್ದು. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಅವು ಇನ್ನೂ ರೆಕ್ಕೆ ಬಿಡಿಸಿ ಬಿಸಿಲು ಕಾಯುತ್ತಿರುತ್ತವೆ. ಗಾಳಿ ಬಿಸಿಯಾಗುತ್ತಿದ್ದಂತೆ ಒಂದೊಂದಾಗಿ ಬಂಡೆ ಬಿಟ್ಟು, ನದಿಯ ಮೇಲೆ ಸುತ್ತು ಹಾಕುತ್ತ ಏರುತ್ತವೆ. ಏರುವ ದಾರಿಯಲ್ಲಿ ನೋಡುವವರ ಕಣ್ಣಿನ ಮಟ್ಟಕ್ಕೇ ಬಂದು ದಾಟುತ್ತವೆ. ಎರಡೂವರೆ ಮೀಟರಿನ ರೆಕ್ಕೆ ಅಷ್ಟು ಹತ್ತಿರದಲ್ಲಿ ಹೋದಾಗ ಗರಿಗಳ ನಡುವೆ ಗಾಳಿ ಸೀಳುವ ಸದ್ದು ಕೇಳಿಸುತ್ತದೆ, ರಸ್ತೆಯ ಮೇಲೆ ನೆರಳು ಜಾರಿ ಹೋಗುತ್ತದೆ. ದುರ್ಬೀನು ಬೇಕಿಲ್ಲ. ಕಪ್ಪು ರಣಹದ್ದು, ಸ್ಪೇನಿನ ಚಕ್ರವರ್ತಿ ಗರುಡ ಇವುಗಳಿಗೆ ದುರ್ಬೀನೂ ಬೇಕು, ತಾಳ್ಮೆಯೂ ಬೇಕು.

ಹೆರ್ತೆಯೋ ಮೊನ್‌ಫ್ರಾಗ್ವೆಯೋ ಎಂದು ಕೇಳಿದರೆ ಯೋಚಿಸದೆ ಮೊನ್‌ಫ್ರಾಗ್ವೆ ಎನ್ನುತ್ತೇನೆ. ಆದರೆ ಇವೆರಡಕ್ಕೂ ಮೇಲೆ ನಾನು ಇಡುವುದು ಹೆಸರಿಲ್ಲದ, ಟಿಕೆಟ್ಟಿಲ್ಲದ ದೆಹೆಸಾ ಬಯಲನ್ನು. ದೂರದಿಂದ ಕಾಡು ಎನಿಸುತ್ತದೆ, ಹತ್ತಿರ ಹೋದರೆ ಒಂದೊಂದು ಮರವನ್ನೂ ಯಾರೋ ಸವರಿ ಸಾಕಿದ್ದಾರೆ. ಮರದ ಕೆಳಗೆ ಹುಲ್ಲು, ಹುಲ್ಲಿನಲ್ಲಿ ದನ, ಕುರಿ. ಅಕ್ಟೋಬರಿನಿಂದ ಓಕ್ ಕಾಯಿ ಉದುರುವಾಗ ಕಪ್ಪು ಹಂದಿಗಳನ್ನು ಬಿಡುತ್ತಾರೆ. ಬೆಂಡು ಕೊಡುವ ಓಕ್ ಮರದ ತೊಗಟೆಯನ್ನು ಒಂಬತ್ತು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಸುಲಿಯುತ್ತಾರೆ. ಹೊಸದಾಗಿ ಸುಲಿದ ಕಾಂಡ ಇಟ್ಟಿಗೆಯ ಕೆಂಪು, ವರ್ಷ ಕಳೆದಂತೆ ಕಂದು, ಆಮೇಲೆ ಬೂದು. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕೆಲವು ಕಡೆ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುತ್ತಾರೆ, ಮುಂದಿನ ಸರದಿ ಯಾವಾಗ ಎಂದು ದಾರಿಹೋಕರೂ ಲೆಕ್ಕ ಹಾಕಬಹುದು. ತ್ರುಹಿಯೋದಿಂದ ಯಾವ ಸಣ್ಣ ರಸ್ತೆ ಹಿಡಿದರೂ ಸ್ವಲ್ಪ ಹೊತ್ತಿನಲ್ಲಿ ದೆಹೆಸಾ ಸಿಗುತ್ತದೆ. ಕಾಸೆರೆಸ್ ಕಡೆಯ ಮರವಿಲ್ಲದ ಬಯಲಿನಲ್ಲಿ, ಅದೃಷ್ಟವಿದ್ದರೆ, ನಮ್ಮ ಎರೆಭೂತ ಹಕ್ಕಿಯ ದಾಯಾದಿಯಾದ ಯುರೋಪಿನ ಬಸ್ಟರ್ಡ್ ಕೂಡ ಕಾಣಬಹುದು. ವಸಂತದಲ್ಲಿ ಗಂಡು ತನ್ನ ಗರಿಗಳನ್ನೆಲ್ಲ ಮಗುಚಿ ಬಿಳಿ ಮೂಟೆಯಾಗಿ ನಿಲ್ಲುತ್ತದೆ. ನಮ್ಮ ಹಕ್ಕಿ ಸಿರಗುಪ್ಪದ ಎರೆಯಲ್ಲಿ ಬೆರಳೆಣಿಕೆಗೆ ಇಳಿದಿರುವುದನ್ನು ನೆನೆದರೆ, ಇಲ್ಲಿ ಅದರ ನೆಂಟರನ್ನು ಕಾರಿನಿಂದಲೇ ನೋಡುವುದು ಕೊಂಚ ಹೊಟ್ಟೆಕಿಚ್ಚಿನ ವಿಷಯ.

ಗ್ವಾದಲೂಪೆ ಮಠಕ್ಕೆ ತ್ರುಹಿಯೋದಿಂದ ಎಂಬತ್ತು ಕಿಲೋಮೀಟರಿನ ಬೆಟ್ಟದ ತಿರುವು ರಸ್ತೆ. ಕಪ್ಪು ಮೇರಿಯ ವಿಗ್ರಹ, ಜುರ್ಬರಾನ್‌ನ ವರ್ಣಚಿತ್ರಗಳು, ಕೊಲಂಬಸ್ ಕರೆತಂದ ಇಬ್ಬರು ಅಮೆರಿಕದ ಮೂಲನಿವಾಸಿಗಳಿಗೆ 1496ರಲ್ಲಿ ದೀಕ್ಷಾಸ್ನಾನ ಮಾಡಿಸಿದ ಚೌಕದ ಕಾರಂಜಿ. ಒಳಗೆ ಗೈಡಿನ ಜತೆಗೇ ಹೋಗಬೇಕು, ಗೈಡು ಓಡಿಸುತ್ತಾರೆ. ದಾರಿಗಾಗಿ ಹೋಗಿ. ಉತ್ತರದ ಲಾ ವೆರಾದಲ್ಲಿರುವ ಯುಸ್ತೆ ಮಠ ನನಗೆ ಹೆಚ್ಚು ಹಿಡಿಸಿತು. ಅರ್ಧ ಜಗತ್ತನ್ನು ಆಳಿದ ಐದನೇ ಚಾರ್ಲ್ಸ್ ಪಟ್ಟ ಬಿಟ್ಟು, ಗೌಟ್ ಹಿಡಿದ ಕಾಲೆಳೆದುಕೊಂಡು ಇಲ್ಲಿಗೆ ಬಂದು 1558ರಲ್ಲಿ ತೀರಿಕೊಂಡ. ಮಲಗುವ ಕೋಣೆಯಿಂದಲೇ ಇಗರ್ಜಿಯ ಬಲಿಪೀಠ ಕಾಣುವಂತೆ ಬಾಗಿಲು ಇಡಿಸಿಕೊಂಡಿದ್ದ. ಕೋಣೆ ಚಿಕ್ಕದು, ಕತ್ತಲು.

ಸಸ್ಯಾಹಾರಿಗಳಿಗೆ ಈ ಸೀಮೆ ಸುಲಭವಲ್ಲ. ಹಂದಿಯ ಹ್ಯಾಮ್ ಇಲ್ಲಿ ತರಕಾರಿಯ ಲೆಕ್ಕ, ಬ್ರೆಡ್ಡಿನ ಪುಡಿ ಹುರಿದ ಮೀಗಾಸ್‌ನಲ್ಲೂ ಅದು ಇರುತ್ತದೆ. ಬಡಿಸುವವರಿಗೆ ಎರಡೆರಡು ಸಲ ಹೇಳಿ. ನಮ್ಮನ್ನು ಕಾಪಾಡಿದ್ದು ಸುಟ್ಟ ಕೆಂಪು ದಪ್ಪ ಮೆಣಸಿನಕಾಯಿಯ ಸಲಾಡ್ ಸೊರೊಂಗೊಯೋ, ಮತ್ತು ಗಿಣ್ಣು. ಗಿಣ್ಣಿನಲ್ಲಿ ಇಬೋರೆಸ್ ಎಂಬ ಮೇಕೆ ಹಾಲಿನದು ಗಟ್ಟಿ, ಮೇಲೆ ಮೆಣಸಿನಕಾಯಿ ಪುಡಿ ತಿಕ್ಕಿರುತ್ತಾರೆ. ತೋರ್ತಾ ದೆಲ್ ಕಾಸಾರ್ ಕುರಿ ಹಾಲಿನದು. ಮೇಲಿನ ಸಿಪ್ಪೆಯನ್ನು ಮುಚ್ಚಳದಂತೆ ಕತ್ತರಿಸಿ ಒಳಗಿನ ಮೆದು ತಿರುಳನ್ನು ಬ್ರೆಡ್ಡಿನಲ್ಲಿ ತೋಡಿ ತಿನ್ನಬೇಕು. ಇದರ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದಿಲ್ಲ, ಕಾರ್ದೋ ಎಂಬ ಮುಳ್ಳುಗಿಡದ ಹೂವಿನೊಳಗಿನ ಎಳೆಗಳನ್ನು ನೆನೆಸಿ ಹಾಕುತ್ತಾರೆ. ನಾಲಗೆಯ ಹಿಂದೆ ಉಳಿಯುವ ಸಣ್ಣ ಕಹಿ ಅದರದ್ದೇ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇದೇ ನಿಶ್ಚಿಂತೆ, ರುಚಿಯಲ್ಲೂ ಇದೇ ಮೇಲು.

ಮನೆಗೆ ತರಲು ಏನು ಎಂದರೆ ಪಿಮೆಂತೋನ್, ಲಾ ವೆರಾದ ಮೆಣಸಿನಕಾಯಿ ಪುಡಿ. ಮೆಣಸಿನಕಾಯಿ ಅಮೆರಿಕದಿಂದ ಸ್ಪೇನಿಗೆ ಬಂದದ್ದು ಕೊಲಂಬಸ್ಸನ ಕಾಲದಲ್ಲಿ. ಅದೇ ಬೆಳೆ ಪೋರ್ಚುಗೀಸರ ಕೈಯಲ್ಲಿ ಗೋವೆಗೆ ಬಂದು ನಮ್ಮ ನೆಲಕ್ಕೆ ಹರಡಿತು, ಬ್ಯಾಡಗಿಯ ಹಿರಿಯರೂ ಅವೇ. ಸ್ಪೇನಿನದೇ ಮುರ್ಸಿಯಾದಲ್ಲಿ ಮೆಣಸಿನಕಾಯಿಯನ್ನು ಬಿಸಿಲಿಗೆ ಒಣಗಿಸುತ್ತಾರೆ. ಲಾ ವೆರಾದಲ್ಲಿ ಕೊಯ್ಲಿನ ಹೊತ್ತಿಗೆ ಮಳೆ, ಹಾಗಾಗಿ ಓಕ್ ಸೌದೆಯ ಹೊಗೆಯ ಮೇಲೆ ಎರಡು ವಾರ, ದಿನಾ ಕೈಯಿಂದ ಮಗುಚುತ್ತ. ಸಿಹಿ, ಒಗರು ಸಿಹಿ, ಖಾರ ಎಂದು ಮೂರು ಬಗೆಯ ಡಬ್ಬಿ ಸಿಗುತ್ತದೆ, ಮೂರನ್ನೂ ತಂದು ಅಡುಗೆಗೆ ಹಾಕಿ ನೋಡಿದೆವು. ಬಣ್ಣದಲ್ಲಿ ಸಿಹಿಯದು ಬ್ಯಾಡಗಿಗೆ ಸರಿಸಮ, ಆದರೆ ಸಾರಿಗೆ ಹಾಕಿದರೆ ಹೊಗೆ ಬಿಟ್ಟು ಬೇರೆ ವಾಸನೆ ಉಳಿಯುವುದಿಲ್ಲ, ಇಂಗೂ ಸೋತುಹೋಗುತ್ತದೆ. ಖಾರದ ಡಬ್ಬಿ ನಮ್ಮ ನಾಲಗೆಗೆ ಖಾರವೇ ಅಲ್ಲ. ಗೆದ್ದದ್ದು ಒಗರು ಸಿಹಿ. ಆಲೂಗೆಡ್ಡೆ ಪಲ್ಯಕ್ಕೆ, ಸುಟ್ಟ ಬದನೆಕಾಯಿ ಗೊಜ್ಜಿಗೆ ಒಲೆ ಆರಿಸಿದ ಮೇಲೆ ಅರ್ಧ ಚಮಚ ಸಾಕು. ಕಾದ ಎಣ್ಣೆಗೆ ನೇರ ಹಾಕಿದರೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಚಿಕ್ಕ ಡಬ್ಬಿಯನ್ನೇ ಕೊಳ್ಳಿ, ತೆರೆದ ಮೇಲೆ ಕೆಲವು ತಿಂಗಳಲ್ಲಿ ಘಮ ಹಾರುತ್ತದೆ.